ಟರ್ಕಿ ಕೋಳಿ ನೆನೆಸಲು ಹುಡುಕಿದ ಪಾತ್ರೆ

ಅದು ೧೯೫೮ರ ಡಿಸೆಂಬರ್. ಹಾಸನದಲ್ಲಿ ನಾನು ಪಾತ್ರೆ ಅಂಗಡಿ ಇಟ್ಟು ಆರು ವರ್ಷವಾಗಿತ್ತು. ಅದಕ್ಕೆ ಮೊದಲು ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸಂತೆಗಳಲ್ಲಿ ಗೋಣಿ ಹಾಸಿ ಮಾರಿದವನು. ಯಾರಿಗೆ ಯಾವ ಪಾತ್ರೆ ಬೇಕೆಂದು ಮುಖ ನೋಡಿ ಹೇಳುತ್ತೇನೆಂಬ ಜಂಬವಿತ್ತು.

ಇಪ್ಪತ್ತಮೂರನೆಯ ತಾರೀಖು ಲಾಜರಪ್ಪ ಬಂದ. ಕಾಫಿ ತೋಟದ ದೊರೆಯೊಬ್ಬರ ಹಾಸನದ ಬಂಗಲೆಯ ಅಡುಗೆಯವನು. ದೊರೆ ಜನವರಿಯಲ್ಲಿ ಸೀಮೆಗೆ, ಎಂದರೆ ಇಂಗ್ಲೆಂಡಿಗೆ, ವಾಪಸು ಹೊರಡುವವರು. ಕ್ರಿಸ್‌ಮಸ್ ಊಟಕ್ಕೆ ಬರುವ ಇನ್ನೊಬ್ಬ ತೋಟದ ಮಾಲೀಕರು, ಅಡುಗೆ ಹಿಡಿಸಿದರೆ ಲಾಜರಪ್ಪನನ್ನು ಇಟ್ಟುಕೊಳ್ಳುತ್ತೇನೆಂದಿದ್ದರು. ಹಿಡಿಸದಿದ್ದರೆ ಐದು ಮಕ್ಕಳ ತಂದೆಗೆ ಕೆಲಸವಿಲ್ಲ.

ಆ ಊಟಕ್ಕೆ ಹದಿನಾಲ್ಕು ಪೌಂಡಿನ ಟರ್ಕಿ ಕೋಳಿ. ಅದರ ಮಾಂಸ ಬೆಂದರೆ ಒಣಗುತ್ತದೆ. ಆದ್ದರಿಂದ ಹಿಂದಿನ ದಿನವೇ ಉಪ್ಪುನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು. ಇದಕ್ಕೆ ಬ್ರೈನಿಂಗ್ ಎನ್ನುತ್ತಾರೆ. ಕೋಳಿಯನ್ನು ಅಂಗಡಿಗೆ ತರುವಂತಿರಲಿಲ್ಲ. ಬಾಡು ತಾಗಿದ ಪಾತ್ರೆಯನ್ನು ಬೇರೆಯವರು ಕೊಳ್ಳರು. ಉದ್ದ, ಸುತ್ತಳತೆ ಎರಡನ್ನೂ ದಾರದಲ್ಲಿ ಅಳೆದು ತರಿಸಿದೆ. ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಲೆಕ್ಕ ಹಾಕಿ, ಹೊಸದಾಗಿ ಕಲಾಯಿ ಮಾಡಿಸಿದ್ದ ತಾಮ್ರದ ದಬರಿ ಕೊಟ್ಟೆ. ಕಲಾಯಿ ಎಂದರೆ ಒಳಗಿನ ತವರದ ಲೇಪ. ಅದಿಲ್ಲದ ತಾಮ್ರಕ್ಕೆ ಉಪ್ಪು ತಾಗಿದರೆ ಕಿಲುಬು ಬಿಡುತ್ತದೆ, ಅದು ವಿಷ.

ಮರುದಿನ ಬೆಳಿಗ್ಗೆಯೇ ಲಾಜರಪ್ಪ ಓಡಿಬಂದ. "ಸಾವ್ಕಾರ್ರೆ, ಉಪ್ಪುನೀರು ಕಾಯ್ಸಿ ಆರಾಕಿಟ್ಟಿದ್ದೆ. ಅಸ್ರಾಗ್ಬುಟ್ಟದೆ."

ಬಂಗಲೆಗೆ ಹೋಗಿ ನೋಡಿದೆ. ದಬರಿಯ ಒಳಗೆಲ್ಲ ಕೆಂಪು ತಾಮ್ರ ಹೊಳೆಯುತ್ತಿತ್ತು. ಪಾತ್ರೆ ತೊಳೆಯುವ ನಿಂಗಮ್ಮ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಮೂರು ಸಲ ಉಜ್ಜಿದ್ದಳು. ಅವಳ ಮನೆಯಲ್ಲಿ ಇದ್ದದ್ದು ಮಣ್ಣಿನ ಮಡಕೆಗಳೇ.

"ಒಳಗೆಲ್ಲ ಬೆಳ್ಳಗೆ ಏನೋ ಮೆತ್ಕಂಡಿತ್ತು ಸಾ. ಬಿಡ್ತೀನಾ ನಾನು?" ಎಂದಳು.

ತಪ್ಪು ಅವಳದಲ್ಲ. ಅದು ಕಲಾಯಿ, ಉಜ್ಜಬಾರದು ಎಂದು ಹೇಳದೆ ಬಿಟ್ಟವನು ನಾನು.

ಪುಣ್ಯಕ್ಕೆ ಕೋಳಿಯನ್ನು ಇನ್ನೂ ನೀರಿಗೆ ಇಳಿಸಿರಲಿಲ್ಲ. ಅಂಗಡಿಯಲ್ಲಿ ಕಲಾಯಿ ಹಾಕಿದ ದೊಡ್ಡ ಪಾತ್ರೆ ಬೇರೊಂದಿರಲಿಲ್ಲ, ಕಲಾಯಿಯವನು ಚನ್ನರಾಯಪಟ್ಟಣಕ್ಕೆ ಹೋಗಿದ್ದ. ಅಲ್ಯುಮಿನಿಯಂ, ತಗಡಿನ ಬಕೆಟ್ ಎರಡಕ್ಕೂ ಉಪ್ಪು ಆಗದು. ಹೊಸ ಮಣ್ಣಿನ ಬಾನಿ ಜಿನುಗುತ್ತದೆ. ಪಿಂಗಾಣಿ ಜಾಡಿಯ ಬಾಯಿ ಕಿರಿದು. ಆಗ ನೆನಪಾದದ್ದು ಹತ್ತಿರದ ಸಾಲಗಾಮೆಯ ನನ್ನ ಹಳೆಯ ಗಿರಾಕಿ ದೇವಮ್ಮನ ಮನೆಯ ಕಲ್ಲಿನ ಮರಿಗೆ. ಅಗಲ ಬಾಯಿ, ಒಂದೂವರೆ ಗೇಣು ಆಳ, ಉಪ್ಪು ಹುಳಿಗೆ ಜಗ್ಗದ ಕಲ್ಲು. ಲಾಜರಪ್ಪ, ನಾನು ಇಬ್ಬರೂ ಬಸ್ಸು ಹತ್ತಿದೆವು.

"ಯಾತಕ್ಕೆ ಮರಿಗೆ?" ಎಂದಳು ದೇವಮ್ಮ.

"ನಿಂಬೆಹಣ್ಣು ನೆನಸಾಕೆ ಕಣಕ್ಕ" ಎಂದೆ.

ಅವಳು ಲಾಜರಪ್ಪನ ತೋಳಿಗೆ ಅಂಟಿದ್ದ ಕರಿಗರಿಯನ್ನು ಕಿತ್ತು ನನ್ನ ಮುಂದೆ ಹಿಡಿದಳು. "ನಿಂಬೆಹಣ್ಗೆ ಪುಕ್ಕ ಬಂದದಾ, ಪಾತ್ರೆಯಣ್ಣ?"

ಗರಿಯನ್ನು ಅಂಗಳಕ್ಕೆಸೆದು ಅವಳೇ ಮುಂದುವರಿಸಿದಳು.

"ಬಾಡು ನಾವೂ ತಿಂತೀವಿ. ಅದ್ರ ಮಡ್ಕೆ ಬ್ಯಾರೆ, ಇತ್ತಿಲಲ್ಲಿ ಮಡ್ಗಿವ್ನಿ. ಇದ್ರಾಗೆ ಉಪ್ಪಿನ್ಕಾಯಿ ಕಲಸ್ತೀನಿ. ನಮ್ಮತ್ತೆ ಬಾಡು ಮುಟ್ಟಾಕಿಲ್ಲ. ನೀನು ತೊಳ್ದು ತಂದು ಕೊಟ್ಟಿದ್ರೆ ಆಯಮ್ಮ ಗೊತ್ತಿಲ್ದೆ ಉಣ್ಣೋರು."

ಲಾಜರಪ್ಪನೇ ಬಾಯಿ ಬಿಟ್ಟ. "ತಪ್ಪಾಯ್ತಕ್ಕ. ಈ ಕೋಳಿ ಕೆಟ್ರೆ ನನ್ ಕೆಲ್ಸ ಓಯ್ತದೆ."

ಅವಳು ಮರಿಗೆಯ ಕಡೆ ಕೈ ತೋರಿಸಿದಳು. "ತಗಂಡೋಗಿ, ವಾಪಸ್ ತರಬ್ಯಾಡಿ. ಬದ್ಲಿಗೆ ನಿನ್ನಂಗ್ಡೀಲಿರೋದ್ರಾಗೆ ದೊಡ್ಡ ದಬರಿ ನಂಗೆ."

ಚೌಕಾಸಿ ಮಾಡದೆ ನಾನು ಒಪ್ಪಿದ ವ್ಯಾಪಾರ ಅದೊಂದೇ.

ಮರಿಗೆ ಗಾಡಿಯಲ್ಲಿ ಬಂತು. ಹೊತ್ತು ಇಳಿಯುವ ಮುಂಚೆ ಹೊಸ ಉಪ್ಪುನೀರು ಕಾಯಿಸಿ, ಚೆನ್ನಾಗಿ ಆರಿಸಿ, ಕೋಳಿ ಮುಳುಗಿಸಿದೆವು. ಹಬ್ಬ ಕಳೆದ ಮೇಲೆ ಲಾಜರಪ್ಪ ಬಂದ. "ಮೂಳೆ ಬಿಟ್ರೆ ಏನೂ ಉಳೀನಿಲ್ಲ ಸಾವ್ಕಾರ್ರೆ. ಒಂದ್ನೇ ತಾರೀಕಿಂದ ಬಾ ಅಂದವ್ರೆ." ಮರಿಗೆಯೂ ಅವನ ಜೊತೆ ಹೊಸ ಬಂಗಲೆಗೆ ಹೋಯಿತು.

ಕೋಳಿಯನ್ನು ದಾರದಲ್ಲಿ ಅಳೆಸಿದ ನಾನು, ಪಾತ್ರೆ ತೊಳೆಯಲು ಯಾರ ಕೈಗೆ ಹೋಗುತ್ತದೆಂದು ಕೇಳಿರಲಿಲ್ಲ. ಆಮೇಲೆ ಅಂಗಡಿ ಮುಚ್ಚುವವರೆಗೂ ಕಲಾಯಿ ಪಾತ್ರೆ ಕೇಳಿದವರಿಗೆ ನನ್ನದು ಎರಡು ಪ್ರಶ್ನೆ: ಇದರಲ್ಲಿ ಏನು ಹಾಕುತ್ತೀರಿ, ಯಾರು ತೊಳೆಯುತ್ತಾರೆ? ತೊಳೆಯುವವರು ಜೊತೆಯಲ್ಲಿಲ್ಲದಿದ್ದರೆ, ಕರೆದುಕೊಂಡು ಬನ್ನಿ, ಆಮೇಲೆ ಬೆಲೆ ಮಾತಾಡೋಣ ಎನ್ನುತ್ತಿದ್ದೆ. ಕೆಲವರು ನಕ್ಕು ಪಕ್ಕದ ಅಂಗಡಿಗೆ ಹೋದರು. ನಾನು ತಡೆಯಲಿಲ್ಲ.