ಬ್ರಾಕೆಟ್ಟಿನೊಳಗೆ ಅತ್ತೆ ಸೊಸೆ

ಐವತ್ತರ ಹತ್ತಿರ ಬಂದ ಮೇಲೆ ಪಿಎಚ್.ಡಿ. ಮಾಡಹೊರಟ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬ್ರಾಕೆಟ್ಟು. ಯಾರದೋ ಮಾತನ್ನು ಬಳಸಿದರೆ ಪಕ್ಕದಲ್ಲೇ ಬ್ರಾಕೆಟ್ ಹಾಕಿ ಅವರ ಹೆಸರು, ಇಸವಿ, ಪುಟಸಂಖ್ಯೆ ಬರೆಯಬೇಕು. ಕೆ.ಆರ್. ನಗರದಲ್ಲಿ ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಯಾವ ಮಾತು ಯಾರದು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿರಲಿಲ್ಲ. ಹಾಗಾಗಿ ನನ್ನ ಅರ್ಧ ಜಾಣತನ ಎಲ್ಲಿಂದ ಬಂದದ್ದೋ ನನಗೇ ಮರೆತುಹೋಗಿತ್ತು.

ನನ್ನ ವಿಷಯ ಭತ್ತದ ಬೇಸಾಯದ ಮಾತುಗಳು. ‘ಹದ’ ಎಂಬ ಪದದ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು ಮಾರ್ಗದರ್ಶಕರಿಗೆ ಕೊಟ್ಟೆ. ಅವರು ಒಂದು ವಾಕ್ಯದ ಹತ್ತಿರ ನಿಂತು ಗಟ್ಟಿಯಾಗಿ ಓದಿದರು: ‘ಸಸಿಮಡಿಯ ಕೆಸರಿನಲ್ಲಿ ಬೆರಳಿನಿಂದ ಗೆರೆ ಎಳೆದಾಗ ಅದು ನಿಧಾನವಾಗಿ ಮುಚ್ಚಿಕೊಂಡರೆ ಹದ.’ ಆಮೇಲೆ ಕನ್ನಡಕ ತೆಗೆದು, “ಮೇಡಂ, ಇಡೀ ಅಧ್ಯಾಯದಲ್ಲಿ ಇದೊಂದೇ ನಿಮ್ಮ ಸ್ವಂತದ್ದು. ತುಂಬ ಚೆನ್ನಾಗಿದೆ” ಎಂದರು.

ನಾನು “ಥ್ಯಾಂಕ್ಸ್ ಸರ್” ಅಂದುಬಿಟ್ಟೆ.

ಅದು ಚುಂಚನಕಟ್ಟೆಯ ಕೆಂಪಮ್ಮಜ್ಜಿಯ ಮಾತು. ಎಂಬತ್ತು ದಾಟಿದ ಅವರು ತಮ್ಮ ಗದ್ದೆಯ ಬದುವಿನ ಮೇಲೆ ಕೂತು ನನಗೆ ಇದನ್ನೆಲ್ಲ ಬಿಡಿಸಿ ಹೇಳಿದ್ದರು. ಓದುಬರಹ ಬಾರದ ಅಜ್ಜಿಯನ್ನೂ ಬ್ರಾಕೆಟ್ಟಿಗೆ ಸೇರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎರಡು ದಿನ ಆ ಪುಟವನ್ನು ತೆರೆದು ನೋಡುವುದು, ಮುಚ್ಚಿಡುವುದು ಮಾಡಿದೆ. ಮೂರನೆಯ ದಿನ ಬಸ್ಸು ಹತ್ತಿದೆ.

ಅಜ್ಜಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಡೆದದ್ದನ್ನು ಹೇಳಿ, “ನಿಮ್ಮ ಮಾತನ್ನ ನಂದು ಅಂತ ಒಪ್ಕೊಂಡ್ಬಿಟ್ಟೆ ಅಜ್ಜಿ, ತಪ್ಪಾಯ್ತು. ಈಗ ನಿಮ್ಮ ಹೆಸರು ಹಾಕ್ತೀನಿ” ಎಂದೆ.

ಅವರಿಗೆ ಕೋಪ ಬರಲಿಲ್ಲ, ಗಾಬರಿಯಾಯಿತು. “ಅಂಗ್ ಮಾಡ್ಬ್ಯಾಡ ಕಣವ್ವ. ಅದು ನಂದಲ್ಲ. ನಮ್ಮತ್ತೆ ಸಣ್ಣಮ್ಮ ಏಳ್ಕೊಟ್ಟಿದ್ದು. ಅವ್ರೆಸ್ರು ಆಕು.”

“ಯಾವ ವರ್ಷ ಹೇಳ್ಕೊಟ್ಟಿದ್ದು?”

“ನಾ ಮದ್ವೆಯಾಗಿ ಬಂದ್ ವರ್ಸ. ಗದ್ದೆ ಕೆಲ್ಸ ಬರಲ್ಲ ಅಂತ ಎಲ್ರೂ ನಗಾಡ್ತಿದ್ರು. ಅತ್ತೆ ಒಬ್ರೇ ನನ್ ಕೈ ಇಡ್ಕಂಡು ಕಲ್ಸುದ್ರು.” ಸುಲಿಯುವ ಕೈ ನಿಂತಿತ್ತು. “ಇಷ್ಟ್ ದಿವ್ಸ ಅವ್ರೆಸ್ರ ಕೇಳೋರೇ ಇರ್ನಿಲ್ಲ ಕಣವ್ವ.”

ಅಲ್ಲಿಂದಲೇ ಮಾರ್ಗದರ್ಶಕರಿಗೆ ಫೋನು ಮಾಡಿ ನಿಜ ಹೇಳಿದೆ. ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಮಾತ್ರ, “ಇಬ್ಬರ ಹೆಸರೂ ಹಾಕಿ ಮೇಡಂ. ಇಸವಿಯ ಜಾಗದಲ್ಲಿ ಅಜ್ಜಿ ಹೇಳಿದ್ದನ್ನೇ ಬರೀರಿ” ಎಂದರು. ಅಲ್ಪವಿರಾಮ ತಪ್ಪಿದರೂ ಪುಟ ವಾಪಸು ಕಳಿಸುವ ಮನುಷ್ಯ ಅವರು.

ಈಗ ಪ್ರಬಂಧದಲ್ಲಿ ಆ ವಾಕ್ಯದ ಮುಂದೆ ಹೀಗಿದೆ: (ಸಣ್ಣಮ್ಮ, ಸೊಸೆ ಕೆಂಪಮ್ಮ ಮದುವೆಯಾಗಿ ಬಂದ ವರ್ಷ). ಪುಟಸಂಖ್ಯೆ ಇಲ್ಲ. ಮೊದಲ ಪುಟದಲ್ಲಿ ಎಲ್ಲರಿಗೂ ಒಟ್ಟಿಗೆ ಕೃತಜ್ಞತೆ ಹೇಳಿ ಮುಗಿಸುವುದು ಸುಲಭ. ವಾಕ್ಯದ ನಡುವೆ ನಿಂತು, ಇದು ಇಂಥವರದು ಎನ್ನುವಾಗ ತುಸು ಸಂಕೋಚವಾಗುತ್ತದೆ. ಆದರೆ ಅಷ್ಟು ಹೇಳಿಬಿಟ್ಟರೆ, ಮುಂದಿನ ವಾಕ್ಯ ಬರೆಯಲು ಕೈ ಹಗುರವಾಗುತ್ತದೆ.