ಗೆಣ್ಣು ಒತ್ತಿ ನೋಡಿದವರು

ಮುಧೋಳದ ಆ ಡಾಕ್ಟರಮ್ಮ ನನ್ನ ಬೆರಳಿನ ಒಂದೊಂದು ಗೆಣ್ಣನ್ನೂ ಒತ್ತಿ ನೋಡುತ್ತಾ, "ಗಡಬಡಿ ಬ್ಯಾಡ್ರಿ" ಅನ್ನುತ್ತಿದ್ದರು. ನಾನು ದನದ ಸಂತೆಯ ದಲಾಲಿ. ಟವೆಲ್ ಕೆಳಗೆ ಬೆರಳು ಹಿಡಿದು ದರ ತಿಳಿಸುವುದು ನಮ್ಮ ಪದ್ಧತಿ. ಬೆರಳು ಬಾತು ಮಡಚಲು ಬಾರದಾದಾಗ ಕಸುಬೇ ನಿಂತಿತು.

"ರೋಗನಿರೋಧಕ ಶಕ್ತಿ ಹೆಚ್ಚಾಗ್ಲಿ ಅಂತ ಕಷಾಯ ಕುಡಿಯಾಕತ್ತೇನ್ರಿ," ಎಂದೆ. ಇದನ್ನು ಓದುವ ನೀವು ಹೀಗೆ ಮಾಡಬೇಡಿ.

"ನಿಮಗ ಅದು ಹೆಚ್ಚಾಗೇ ಬ್ಯಾನಿ ಬಂದೈತ್ರಿ. ರಕ್ತದಾಗಿನ ಕಾವಲು ಕಣಗಳು ಪ್ರೋಟೀನ್ ಕಳಿಸಿ ಒಂದಕ್ಕೊಂದು ಸನ್ನೆ ಮಾಡ್ತಾವು. ರೋಗ ಬಂದ್ರ 'ಹೊಡೀರಿ', ಹೋದ್ರ 'ಸಾಕು'. ನಿಮ್ಮಲ್ಲಿ 'ಸಾಕು' ಮುಟ್ಟವಲ್ದು. ನಿಮ್ಮ ಕೀಲನ್ನ ಹೊಡ್ಯಾಕತ್ತಾವು."

"ಗುಳಿಗಿ ಒಂದ ತಿಂಗಳಿಗೆ ಮುಗಸೂಣ್ರಿ?"

ಚೌಕಾಸಿಗೆ ಜಗ್ಗದೆ ಅವರು, ಆ ಕಣಗಳಿಗೆ 'ಸಾಕು' ಹೇಳುವ ಗುಳಿಗೆಯನ್ನು ಮೂರು ತಿಂಗಳಿಗೆ ಬರೆದುಕೊಟ್ಟರು.

ನಾಲ್ಕನೇ ತಿಂಗಳು ಡಾಕ್ಟರಮ್ಮ ತಮ್ಮ ನೀರಿನ ಬಾಟಲಿ ಮುಂದಿಟ್ಟು, "ಮುಚ್ಚಳ ತಗೀರಿ" ಎಂದರು. ಬೆರಳು ಮಡಚಿ ತೆಗೆದೆ. ಅವರು ನೀರು ಕುಡಿದು, ಅದೇ ಗುಳಿಗೆಯನ್ನು ಮತ್ತೆ ಬರೆದುಕೊಟ್ಟರು.