ರೆಕ್ಸಿನ್ ಎಂದು ಹೇಳಿ ಕೂರಿಸಿದ ಕುರ್ಚಿ

ಅತ್ತೆ, ಆ ಕುರ್ಚಿ ರೆಕ್ಸಿನ್ನಿನದಲ್ಲ. ಹಸುವಿನ ಚರ್ಮದ್ದು. ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ಅದರ ಮೇಲೆ ಕೂರಿಸಿದೆ — ಜಪಕ್ಕೆ, ಪಾರಾಯಣಕ್ಕೆ, ಏಕಾದಶಿಯ ಉಪವಾಸದ ದಿನವೂ.

ಈಗ ನಾನು ನಿಮ್ಮ ಆಗಿನ ವಯಸ್ಸನ್ನು ದಾಟಿದ್ದೇನೆ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಕನ್ಫೆಷನ್‌ಗೆ ಸಾಲು ನಿಂತಾಗ, ನಾವು ಉಳಿದವರು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕೂತು, ಇವರಿಗೆ ಹೇಳಿಕೊಳ್ಳಲು ಅಂಥದ್ದೇನಿರುತ್ತದೋ ಎಂದು ನಗುತ್ತಿದ್ದೆವು. ಹೇಳಿಕೊಳ್ಳುವಂಥದ್ದನ್ನು ಆಮೇಲೆ ನಾನೇ ಮಾಡಿಕೊಂಡೆ.

ಎಪ್ಪತ್ತರ ದಶಕದ ನಡುವೆ ನನ್ನ ಪಿಯಾನೊ ಟೀಚರ್ ಮನೆ ಖಾಲಿ ಮಾಡಿ ಆಸ್ಟ್ರೇಲಿಯಕ್ಕೆ ಹೊರಟರು. ಅವರ ಪಾರ್ಲರಿನ ಕಂದು ಬಣ್ಣದ ಆರ್ಮ್‌ಚೇರ್ ಮೇಲೆ ನನಗೆ ಚಿಕ್ಕಂದಿನಿಂದ ಆಸೆ. ಕೊಡುವಾಗ ಅವರು ಒಂದು ಪಾಠವನ್ನೇ ಮಾಡಿದರು. ಇದು ಫುಲ್ ಗ್ರೇನ್, ಮೇಲ್ಪದರವನ್ನು ಉಜ್ಜಿ ತೆಗೆಯದ ಚರ್ಮ; ಆ ಜೀವದ ಗೀರು, ಗಾಯದ ಕಲೆ ಎಲ್ಲ ಹಾಗೇ ಉಳಿದಿರುತ್ತದೆ. ಕೆಳಪದರಕ್ಕೆ ಬಣ್ಣ ಬಳಿದು ಮಾರುವುದು ಸ್ಪ್ಲಿಟ್, ಬೇಗ ಸುಲಿಯುತ್ತದೆ. ಮಖಮಲ್ಲಿನಂಥ ಸ್ವೇಡ್‌ಗೆ ಬ್ರಷ್ ಮಾತ್ರ, ಎಣ್ಣೆ ಸೋಕಿಸುವಂತಿಲ್ಲ. ಆದರೆ ಇದಕ್ಕೆ — "ನೋ ವಾಟರ್, ಡಿಯರ್. ಫೀಡ್ ಇಟ್," ಎಂದರು.

ಜಯನಗರದ ನಮ್ಮ ಮನೆಯ ಹಾಲಿನಲ್ಲಿ ಅದನ್ನು ಇಳಿಸಿದಾಗ ನೀವು ಸೆರಗು ಎಳೆದುಕೊಂಡು ದೂರವೇ ನಿಂತಿರಿ.

"ಏನೇ ಲೀಲಾ ಇದು, ಚರ್ಮದ್ದೇನೇ?"

"ಇಲ್ಲ ಅತ್ತೆ. ರೆಕ್ಸಿನ್."

ಎಷ್ಟು ಸಲೀಸಾಗಿ ಬಂತು. ರೂಮಿನಲ್ಲಿ ನಿಮ್ಮ ಮಗನಿಗೆ ಹೇಳಿದರೆ, "ಋಷಿಗಳೆಲ್ಲ ಜಿಂಕೆ ಚರ್ಮದ ಮೇಲೆ ಕೂತೇ ತಪಸ್ಸು ಮಾಡಿದ್ದು. ಅಮ್ಮಂಗೂ ಪ್ರಮೋಷನ್ ಸಿಕ್ತು ಅಂದ್ಕೋ," ಎಂದರು. ನಾನೂ ನಕ್ಕೆ. ಕುರ್ಚಿ ಮನೆಯಲ್ಲಿ ಉಳಿದರೆ ಸಾಕಿತ್ತು ನನಗೆ. ನೀವು ಅದರ ಮೇಲೆ ಕೂರುತ್ತೀರೆಂದು ಎಣಿಸಿರಲಿಲ್ಲ. ಆದರೆ ಅದೇ ವರ್ಷ ಡಾಕ್ಟರು ನಿಮ್ಮ ಮಂಡಿ ನೋಡಿ, ನೆಲದ ಮೇಲೆ ಕೂರಲೇಬಾರದು ಎಂದುಬಿಟ್ಟರು. ಮರದ ಕುರ್ಚಿ ಒತ್ತುತ್ತಿತ್ತು. ಒಂದು ಬೆಳಿಗ್ಗೆ ಮಡಿಸೀರೆಯುಟ್ಟು ಬಂದು ನೀವೇ ಕೇಳಿದಿರಿ, "ರೆಕ್ಸಿನ್ ತಾನೆ, ಒರೆಸ್ಕೊಂಡ್ರೆ ಆಯ್ತು. ಇದರ ಮೇಲೆ ಕೂತ್ಕೊಳ್ಳಲೇನೇ?"

ಹೇಳಬೇಕಾದ ಗಳಿಗೆ ಅದು. ನಾನು, "ಕೂತ್ಕೊಳ್ಳಿ ಅತ್ತೆ," ಎಂದೆ.

ರೆಕ್ಸಿನ್ನಿಗೆ ನೀರು ತಾಗಿದರೆ ಏನೂ ಆಗದು. ಅದಕ್ಕೇ ನೀವು ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡಿ, ಅದನ್ನು ಶುದ್ಧ ಮಾಡಿಕೊಂಡೇ ಕೂರುತ್ತಿದ್ದಿರಿ. ಚರ್ಮ ಅದನ್ನು ತಡೆಯುವುದಿಲ್ಲ. ಒಳಗಿನ ಜಿಡ್ಡು ಹೋಗಿ ಬಿರುಸಾಗುತ್ತ ಬಂತು. ಮಧ್ಯಾಹ್ನ ನೀವು ಮಲಗಿದ ಮೇಲೆ ನಾನು ಕದ್ದು ಎಣ್ಣೆ ಉಣ್ಣಿಸುತ್ತಿದ್ದೆ — ಕುದುರೆ ಜೀನು ಮಾರುವ ಅಂಗಡಿಯಿಂದ ತಂದದ್ದು. ಅದು ದನದ ಕಾಲು ಬೇಯಿಸಿ ತೆಗೆದ ಎಣ್ಣೆ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು, ನಾನು ಓದಿಕೊಂಡಿದ್ದೆ. ಮರುದಿನ ಅದೇ ಕೈಹಿಡಿಯ ಮೇಲೆ ನಿಮ್ಮ ಕೈ. ಆ ಕೈ ತುಳಸಿ ಮುಟ್ಟುತ್ತಿತ್ತು, ತೀರ್ಥ ಕೊಡುತ್ತಿತ್ತು. ನಾನು ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದೆ.

"ಈ ರೆಕ್ಸಿನ್ ಬೆಚ್ಚಗಿರತ್ತಲ್ಲೇ," ಎಂದಿರಿ ಒಮ್ಮೆ.

"ಫಾರಿನ್ದು ಅತ್ತೆ, ಅದಕ್ಕೆ."

ಇಷ್ಟೇ ಆಗಿದ್ದರೆ ಇದು ನನಗೂ ನಿಮಗೂ ನಡುವಿನದಾಗಿರುತ್ತಿತ್ತು. ಕಮಲಮ್ಮನವರು — ಹಿಂದಿನ ಬೀದಿಯ ನಿಮ್ಮ ಗೆಳತಿ, ಶುಕ್ರವಾರ ಪಾರಾಯಣಕ್ಕೆ ತಪ್ಪದೆ ಬರುತ್ತಿದ್ದವರು — ಒಂದು ದಿನ ಕುರ್ಚಿಯ ಕೈಹಿಡಿಯನ್ನು ಹೆಬ್ಬೆರಳಿನಲ್ಲಿ ಒತ್ತಿದರು.

"ಪದ್ದು, ಇದು ಲೆದರ್ ಕಣೆ. ಒತ್ತಿದ್ರೆ ಹೇಗೆ ಸುಕ್ಕು ಬೀಳತ್ತೆ ನೋಡು, ನಮ್ಮ ಕೈ ಥರ."

"ನಿನ್ನ ಕೈ ಥರ ಅನ್ನು. ನನ್ನದಿನ್ನೂ ನೆಟ್ಟಗಿದೆ."

"ತಮಾಷೆ ಅಲ್ವೆ. ನಮ್ಮೆಜಮಾನ್ರ ಆಫೀಸಲ್ಲಿ ಸಾಹೇಬ್ರ ಕುರ್ಚಿ ಥೇಟ್ ಹೀಗೇ ಇತ್ತು. ಕೇಳು ನಿನ್ನ ಸೊಸೇನ."

ನಾನು ಕಾಫಿ ಹಿಡಿದು ನಿಂತಿದ್ದೆ. ನೀವು ನನ್ನ ಕಡೆ ತಿರುಗಿ ಕೇಳಿದಿರಿ — ಕೇಳಿದ್ದೂ ಅಲ್ಲ, ಅವರಿಗೆ ಕೇಳಿಸಲಿ ಎಂದಷ್ಟೇ. "ರೆಕ್ಸಿನ್ ಅಲ್ವೇನೇ?"

"ಹೌದು ಅತ್ತೆ. ರೆಕ್ಸಿನ್."

ಕಮಲಮ್ಮ ನನ್ನನ್ನೇ ನೋಡಿದರು. "ಸರಿ ಬಿಡು. ಕಾನ್ವೆಂಟಲ್ಲಿ ಓದಿದೋರು, ಬಣ್ಣ ಹಚ್ಚಿ ಹೇಳಕ್ಕೆ ಬರತ್ತೆ."

ನಿಮಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. "ನನ್ನ ಮನೇಲಿ ಕೂತು ನನ್ನ ಸೊಸೇನ ಸುಳ್ಳುಬುರುಕಿ ಅಂತೀಯ? ನನ್ನ ಮಡಿ ಕೆಡಿಸೋಳಲ್ಲ ಅವಳು. ಅವಳ ಮೇಲೆ ನಂಬಿಕೆ ಇಲ್ದೋರು ಇಲ್ಲಿಗೆ ಬರೋದೇ ಬೇಡ."

ಕಮಲಮ್ಮ ಕಾಫಿ ಮುಟ್ಟದೆ ಎದ್ದು ಹೋದರು. ಮತ್ತೆ ಬರಲಿಲ್ಲ. ಶುಕ್ರವಾರಗಳಂದು ನೀವು ಗೇಟಿನ ಬಳಿ ಹೂ ಬಿಡಿಸುವ ನೆಪದಲ್ಲಿ ಸುಮ್ಮನೆ ನಿಲ್ಲುತ್ತಿದ್ದಿರಿ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಕೆಲವು ವರ್ಷಗಳಾದ ಮೇಲೆ ಫೋರ್ತ್ ಬ್ಲಾಕಿನ ತರಕಾರಿ ಮಾರ್ಕೆಟ್ಟಿನಲ್ಲಿ ಅವರ ಸೊಸೆ ಸಿಕ್ಕಿದಳು. ಪದ್ಮನಾಭನಗರದಲ್ಲಿ ಮನೆ ಕಟ್ಟಿಕೊಂಡು ಹೋಗಿದ್ದರಂತೆ. "ನಮ್ಮತ್ತೆ ನಿಮ್ಮತ್ತೇನ ತುಂಬ ನೆನೆಸ್ಕೋತಾರೆ ಲೀಲಾ ಅವ್ರೆ. ಒಂದ್ಸಲ ಕರ್ಕೊಂಡ್ ಬನ್ನಿ," ಎಂದು ದಾರಿಯನ್ನೂ ಬಿಡಿಸಿ ಹೇಳಿದಳು. ನಾನು ಬಂದು ನಿಮಗೆ ಹೇಳಲಿಲ್ಲ. ನೀವಿಬ್ಬರು ಕೂತರೆ ಕುರ್ಚಿಯ ಮಾತು ಬಂದೇ ಬರುತ್ತದೆ ಎಂಬ ಭಯ.

ಆಮೇಲೆ ಒಂದು ದಿನ ಸೀಟಿನ ಅಂಚು ಬಿರಿಯಿತು. ಒರೆಸುತ್ತಿದ್ದ ನೀವು ಆ ಸೀಳನ್ನು ಎತ್ತಿ ನೋಡಿದಿರಿ. ರೆಕ್ಸಿನ್ನಿನ ಬೆನ್ನಿಗೆ ಬಟ್ಟೆ ಇರುತ್ತದೆ. ಸ್ಕೂಟರ್ ಸೀಟು ಹರಿದದ್ದನ್ನು ಕಂಡವರಿಗೆಲ್ಲ ಗೊತ್ತು. ಇಲ್ಲಿ ಬಟ್ಟೆ ಇರಲಿಲ್ಲ. ನವಿರಾದ, ಜುಂಗುಜುಂಗಾದ, ಬಣ್ಣ ಹಿಡಿಯದ ಚರ್ಮದ ಒಳಮೈ. ಎರಡು ಬೆರಳಿನ ನಡುವೆ ಅದನ್ನು ತಿಕ್ಕಿ ತಿಕ್ಕಿ ನೋಡಿದಿರಿ. ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ. ನೀವು ನನ್ನ ಕಡೆ ನೋಡದೆ ಹೋಗಿ ಮತ್ತೆ ತಲೆಗೆ ಸ್ನಾನ ಮಾಡಿದಿರಿ. ಅಂದಿನಿಂದ ಚಾಪೆಯ ಮೇಲೆ ಜಪ. ಏಳುವಾಗ ಗೋಡೆ ಹಿಡಿದುಕೊಂಡು — ನಾನು ಕೈ ಕೊಡಲು ಬಂದರೆ, "ಬೇಡಮ್ಮ, ಮಡಿ," ಎನ್ನುತ್ತಿದ್ದಿರಿ. ಅಷ್ಟೇ. ಬೈಯಲಿಲ್ಲ. ಮಗನಿಗೂ ಹೇಳಲಿಲ್ಲ.

ಕೆಲವು ದಿನ ಬಿಟ್ಟು ಕೇಳಿದಿರಿ. "ಕಮಲ ಈಗ ಎಲ್ಲಿದಾಳೆ ಗೊತ್ತೇನೇ? ತಪ್ಪಾಯ್ತು ಅಂತ ಒಂದ್ಮಾತು ಹೇಳ್ಬೇಕಿತ್ತು ಅವಳಿಗೆ."

"ಗೊತ್ತಿಲ್ಲ ಅತ್ತೆ," ಎಂದೆ.

ಕುರ್ಚಿಯ ಸುಳ್ಳಿಗೆ ಆಸೆ ಎನ್ನಬಹುದು, ವಯಸ್ಸು ಎನ್ನಬಹುದು. ಇದಕ್ಕೆ ಏನೆನ್ನಲಿ? ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಿಮಗೆ ಎಲ್ಲ ಗೊತ್ತಾಗಿತ್ತು. ನನ್ನ ಸುಳ್ಳಿಗೆ ನೀವು ಹೋಗಿ ಕ್ಷಮೆ ಕೇಳಲು ಹೊರಟಿದ್ದಿರಿ — ಅದನ್ನೂ ತಡೆದೆ. ನೀವು ತಲೆಯಾಡಿಸಿದಿರಿ. ನಂಬಿದಿರೋ, ನಂಬದೆ ಸುಮ್ಮನಾದಿರೋ — ಆ ಮುಖವನ್ನು ಎಷ್ಟು ಸಲ ನೆನೆದರೂ ನನಗೆ ತಿಳಿಯುತ್ತಿಲ್ಲ. ಮುಂದಿನ ಗೌರಿ ಹಬ್ಬಕ್ಕೆ ನೀವಿರಲಿಲ್ಲ.

ಕಮಲಮ್ಮನೂ ಹೋದರು. ಅವರ ಸೊಸೆ ಅದೇ ಮನೆಯಲ್ಲಿದ್ದಾಳಂತೆ. ನಾಳೆ ಹೋಗಿ, ಅವರ ಫೋಟೋದ ಮುಂದೆ ಅವಳಿಗೆ ಇದನ್ನೆಲ್ಲ ಹೇಳುತ್ತೇನೆ. ಪದ್ಮನಾಭನಗರ ದೂರವೇನಲ್ಲ. ಆಗಲೂ ದೂರವಿರಲಿಲ್ಲ.